ಲೌರಿಯವರ ಮೂರು ಲಕ್ಷ ಸೈಟೇಶನ್

ಪ್ರಶ್ನೆ: ನನ್ನ ಮಗಳು ಬಯೋಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಬೇಕೆಂದಿದ್ದಾಳೆ. ಗೈಡ್ ಹುಡುಕುವಾಗ ‘ಇವರಿಗೆ ಇಷ್ಟು ಸಾವಿರ ಸೈಟೇಶನ್ ಇದೆ’ ಎಂಬುದೇ ಮಾತು. ಸೈಟೇಶನ್ ಜಾಸ್ತಿ ಇದ್ದವರು ದೊಡ್ಡ ವಿಜ್ಞಾನಿಗಳೇ? ಎಲ್ಲಕ್ಕಿಂತ ಹೆಚ್ಚು ಸೈಟೇಶನ್ ಯಾವ ಪ್ರಬಂಧಕ್ಕಿದೆ?

ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ಆ ಪ್ರಬಂಧದ ವಿಧಾನ ನಿಮ್ಮ ಮಗಳಿಗೆ ಈಗಾಗಲೇ ಗೊತ್ತಿರುತ್ತದೆ. ಎಂಎಸ್ಸಿ ಪ್ರಾಕ್ಟಿಕಲ್‌ನಲ್ಲಿ ‘ಲೌರಿ ಮೆಥಡ್’ ಮಾಡದೆ ಪಾಸಾದವರು ಕಡಿಮೆ. ತಾಮ್ರದ ಕ್ಷಾರೀಯ ದ್ರಾವಣ, ಆಮೇಲೆ ಫೋಲಿನ್ ರಿಯೇಜೆಂಟ್. ನೀಲಿ ಬಣ್ಣ ಗಾಢವಾದಷ್ಟೂ ಪ್ರೋಟೀನ್ ಜಾಸ್ತಿ. ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದ ಆಲಿವರ್ ಲೌರಿ ಮೂವರು ಸಹೋದ್ಯೋಗಿಗಳ ಜೊತೆ 1951ರಲ್ಲಿ ಇದನ್ನು ಪ್ರಕಟಿಸಿದರು. 2014ರಲ್ಲಿ ‘ನೇಚರ್’ ಪತ್ರಿಕೆ ಅತಿ ಹೆಚ್ಚು ಉಲ್ಲೇಖಗೊಂಡ ನೂರು ಪ್ರಬಂಧಗಳ ಪಟ್ಟಿ ಕೊಟ್ಟಾಗ, ಮೂರು ಲಕ್ಷಕ್ಕೂ ಮೀರಿದ ಉಲ್ಲೇಖಗಳೊಂದಿಗೆ ಇದೇ ಮೊದಲಿತ್ತು. ಎರಡು, ಮೂರನೆಯ ಸ್ಥಾನಗಳೂ ಪ್ರೋಟೀನ್ ಪರೀಕ್ಷಾ ವಿಧಾನಗಳಿಗೇ: 1970ರ ಲೆಮ್ಲಿ, 1976ರ ಬ್ರಾಡ್‌ಫೋರ್ಡ್.

ಇಷ್ಟೊಂದು ಏಕೆ? ಕಿಣ್ವದ ಚಟುವಟಿಕೆಯನ್ನು ‘ಒಂದು ಮಿಲಿಗ್ರಾಂ ಪ್ರೋಟೀನಿಗೆ ಇಷ್ಟು’ ಎಂದು ಹೇಳುವುದು ರೂಢಿ. ಅಂದರೆ ಯಕೃತ್ತಿನ ಮೇಲೆ ಕೆಲಸ ಮಾಡಲಿ, ಮೊಳಕೆ ಕಾಳಿನ ಮೇಲೆ ಮಾಡಲಿ, ಮೊದಲು ಪ್ರೋಟೀನ್ ಅಳೆಯಲೇಬೇಕು. ಅಳೆದವರು ಲೌರಿ ಹೆಸರು ಬರೆದರು. ಊರಿಗೆಲ್ಲ ಪಾವು ಸೇರು ಮಾಡಿಕೊಟ್ಟವನ ಹೆಸರು ಎಲ್ಲರ ಲೆಕ್ಕದಲ್ಲೂ ಬಂದ ಹಾಗೆ.

ಸ್ವತಃ ಲೌರಿಯವರಿಗೇ ಅದು ತಮ್ಮ ಶ್ರೇಷ್ಠ ಪ್ರಬಂಧ ಎನಿಸಿರಲಿಲ್ಲ. ಹಾಗೆಂದು ಬರೆದುಕೊಂಡಿದ್ದಾರೆ, ಸಿಕ್ಕ ಪ್ರತಿಕ್ರಿಯೆಗೆ ಒಳಗೊಳಗೇ ಖುಷಿಪಟ್ಟದ್ದನ್ನೂ ಮುಚ್ಚಿಟ್ಟಿಲ್ಲ. ಅವರ ಜೀವಮಾನದ ಕೆಲಸ ಬೇರೆಯೇ ಇತ್ತು: ಮಿದುಳಿನ ಒಂದೇ ಒಂದು ನರಕೋಶದೊಳಗಿನ ಕಿಣ್ವಗಳನ್ನು ಅಳೆಯುವುದು. ಹೆಪ್ಪುಗಟ್ಟಿಸಿ ಒಣಗಿಸಿದ ತೆಳು ಪದರದಿಂದ ಸೂಕ್ಷ್ಮದರ್ಶಕದಡಿ ಕೋಶವೊಂದನ್ನು ಬಿಡಿಸಬೇಕು. ಅದನ್ನು ತೂಗಲು ಸ್ಫಟಿಕಶಿಲೆಯ ನವಿರು ಎಳೆ. ಒಂದು ತುದಿ ಬಿಗಿದು ಇನ್ನೊಂದು ತುದಿಯಲ್ಲಿ ಕೋಶವಿಟ್ಟರೆ ಎಳೆ ಎಷ್ಟು ಬಾಗಿತೋ ಅದೇ ತೂಕ! ನನಗಂತೂ ಆ ನೀಲಿ ಬಣ್ಣಕ್ಕಿಂತ ಇದೇ ದೊಡ್ಡ ಸಾಹಸ. ಆದರೆ ಅಂಥ ಕೈಚಳಕವನ್ನು ಎಷ್ಟು ಲ್ಯಾಬ್‌ಗಳು ಅನುಸರಿಸಿಯಾವು? ಉಲ್ಲೇಖವೂ ಅಷ್ಟಕ್ಕಷ್ಟೇ. ನೊಬೆಲ್ ಕೂಡ ಅವರಿಗೆ ಬರಲಿಲ್ಲ.

ತಿರುವುಮುರುವಾದ ಉದಾಹರಣೆಯೂ ಇದೆ. ಡಿಎನ್‌ಎ ರಚನೆ ತಿಳಿಸಿದ ವಾಟ್ಸನ್–ಕ್ರಿಕ್ ಪ್ರಬಂಧ (1953) ಆ ನೂರರ ಪಟ್ಟಿಯಲ್ಲೇ ಇಲ್ಲ. ಶಾಲಾಪುಸ್ತಕಕ್ಕೆ ಸೇರಿದ ವಿಷಯಕ್ಕೆ ಆಧಾರ ಕೊಡುವ ಗೋಜಿಗೆ ಯಾರು ಹೋಗುತ್ತಾರೆ?

ಈಗ ನಿಮ್ಮ ಮೊದಲ ಪ್ರಶ್ನೆ. ಸೈಟೇಶನ್ ಹೇಳುವುದು ಬಳಕೆಯನ್ನು, ಹಿರಿಮೆಯನ್ನಲ್ಲ. 2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿ ಸೂಚಿಸಿದ ಎಚ್-ಇಂಡೆಕ್ಸ್ ಇನ್ನೊಂದು ಅಳತೆ: ಅದು 20 ಎಂದರೆ ತಲಾ 20 ಉಲ್ಲೇಖಕ್ಕೆ ಕಡಿಮೆಯಿಲ್ಲದ 20 ಪ್ರಬಂಧಗಳಿವೆ ಎಂದರ್ಥ. ಅದರಲ್ಲಿ ಲೌರಿಯವರ ಮೂರು ಲಕ್ಷವೂ ಒಂದೇ ಪ್ರಬಂಧ! ಮಗಳಿಗೆ ಹೇಳಿ: ಗೈಡ್ ಎಂದುಕೊಂಡವರ ಸೈಟೇಶನ್ ಬಂದಿರುವುದು ಹೊಸ ಶೋಧಕ್ಕೋ, ವಿಧಾನಕ್ಕೋ, ಬೇರೆಯವರ ಕೆಲಸವನ್ನು ಒಟ್ಟುಮಾಡಿದ ವಿಮರ್ಶಾ ಲೇಖನಕ್ಕೋ ನೋಡಲಿ. ಆ ಪ್ರಬಂಧಗಳಲ್ಲಿ ಮೊದಲ ಹೆಸರು ವಿದ್ಯಾರ್ಥಿಗಳದೇ, ಆ ವಿದ್ಯಾರ್ಥಿಗಳು ಈಗ ಎಲ್ಲಿದ್ದಾರೆ ಎಂದೂ ವಿಚಾರಿಸಲಿ. ಸಾಧ್ಯವಾದರೆ ಅವರಲ್ಲೊಬ್ಬರಿಗೆ ಫೋನ್ ಮಾಡಿ ಮಾತಾಡಲಿ.