ಗ್ರೀನ್ ನೋಡುವ ಮೊದಲು ಹುಲ್ಲು ನೋಡಿ

ಚೆಂಡು ಫೇರ್‌ವೇ ದಾಟಿ ನಾಲ್ಕು ಹೆಜ್ಜೆ ಆಚೆ ಉರುಳಿ ನಿಂತರೆ ಯಾರೂ ಅದನ್ನು ದೊಡ್ಡ ಅನಾಹುತ ಅಂದುಕೊಳ್ಳುವುದಿಲ್ಲ. ಚೆಂಡು ಕಣ್ಣಿಗೆ ಕಾಣುತ್ತಿದೆ, ಹುಲ್ಲು ಎರಡು ಇಂಚು ದಾಟಿಲ್ಲ, ಗ್ರೀನ್ ಎದುರಿಗೇ ಇದೆ. ಫೇರ್‌ವೇ ಆಚೆ ಬೆಳೆಯಲು ಬಿಟ್ಟ ಈ ಹುಲ್ಲೇ ರಫ್. ದಟ್ಟ ರಫ್‌ಗೆ ಬಿದ್ದವನು ತಾನಾಗಿಯೇ ತಗ್ಗುತ್ತಾನೆ. ವೆಡ್ಜ್ ತೆಗೆದು ಚೆಂಡನ್ನು ಅಡ್ಡಕ್ಕೆ ಹೊರಗೆ ಹಾಕಿ, ಒಂದು ಹೊಡೆತ ಹೋಯಿತು ಎಂದು ಒಪ್ಪಿಕೊಳ್ಳುತ್ತಾನೆ. ತೆಳು ರಫ್ ಮಾತ್ರ ಆಸೆ ಹುಟ್ಟಿಸುತ್ತದೆ. ಭಾನುವಾರದ ಆಟಗಾರರ ಸ್ಕೋರ್ ಕಾರ್ಡ್ ಕೆಡುವುದು ಕಾಡಿನಲ್ಲೂ ಅಲ್ಲ, ಕೆರೆಯಲ್ಲೂ ಅಲ್ಲ, ಫೇರ್‌ವೇಯ ಈ ಅಂಚಿನಲ್ಲಿ ಎಂಬುದು ನಾನು ನೋಡಿ ಕಂಡುಕೊಂಡದ್ದು.

ನಾನು ರಾಣೇಬೆನ್ನೂರು ತಾಲ್ಲೂಕಿನ ಹಲಗೇರಿಯವನು. ಗೋವಿನಜೋಳ, ಹತ್ತಿ, ಮೆಣಸಿನಕಾಯಿ ಬೆಳೆಯುವ ಊರು. ಸುತ್ತಮುತ್ತ ಗಾಲ್ಫ್ ಮೈದಾನವಿಲ್ಲ. ಹುಲ್ಲುಗಾವಲು ಎಂದರೆ ನಮ್ಮ ಕಡೆಯವರಿಗೆ ನೆನಪಾಗುವುದು ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ. ಗಾಲ್ಫ್ ಹತ್ತಿಕೊಂಡದ್ದು ಬೆಂಗಳೂರಿನ ನೌಕರಿಯಲ್ಲಿ, ಸಹೋದ್ಯೋಗಿಯೊಬ್ಬರ ಅತಿಥಿಯಾಗಿ ಮೈದಾನಕ್ಕೆ ಹೋದಾಗ. ಬೆಂಗಳೂರಿಗೆ ಈ ಆಟ ಹೊಸದಲ್ಲ, ಬೆಂಗಳೂರು ಗಾಲ್ಫ್ ಕ್ಲಬ್ ಶುರುವಾದದ್ದು 1876ರಲ್ಲಿ. ಆದರೂ ಊರಿಗೆ ಹೋದಾಗ ನನ್ನ ಆಟದ ಬಗ್ಗೆ ಯಾರೂ ಕೇಳುತ್ತಿರಲಿಲ್ಲ, ನಾನೂ ಹೇಳುತ್ತಿರಲಿಲ್ಲ. 2021ರ ಆಗಸ್ಟ್ 7ರಂದು ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಒಂದೇ ಒಂದು ಹೊಡೆತದ ಅಂತರದಲ್ಲಿ ಪದಕ ತಪ್ಪಿಸಿಕೊಂಡು ನಾಲ್ಕನೆಯವರಾದರಲ್ಲ, ಆಮೇಲೆ ಊರಿನಿಂದ ಫೋನ್ ಬರತೊಡಗಿದವು. ‘ನೀ ಆಡೂದು ಅದ ಆಟ ಏನ?’

ಅದ ಆಟ, ಹೌದು. ಆಡುವ ಮಟ್ಟದ ಮಾತು ಬೇಡ.

ಮೈದಾನದಲ್ಲಿ ಸ್ವಲ್ಪ ದಿನ ಕಳೆದ ಮೇಲೆ ಒಂದು ಸಂಗತಿ ನನ್ನ ಗಮನಕ್ಕೆ ಬಂತು. ನಮ್ಮ ಕಡೆಯ ಬಹುಪಾಲು ಗಾಲ್ಫ್ ಮೈದಾನಗಳಲ್ಲಿ ಹಾಸಿರುವ ಬರ್ಮುಡಾ ಹುಲ್ಲು ಬೇರೆ ಯಾವುದೂ ಅಲ್ಲ, ಗಣಪತಿಗೆ ಏರಿಸುವ ಗರಿಕೆ. ಅದರ ಸುಧಾರಿತ ತಳಿಗಳು. ಹಲಗೇರಿಯಲ್ಲಿ ಅದಕ್ಕೆ ಕರಿಕಿ ಎನ್ನುತ್ತೇವೆ. ಎರಿ ಹೊಲಕ್ಕೆ ಒಮ್ಮೆ ಹೊಕ್ಕರೆ ಕುಂಟೆ ಹೊಡೆದು ಹೊಡೆದು ಎತ್ತು ಸೋಲುತ್ತವೆ, ಕರಿಕಿ ಸೋಲುವುದಿಲ್ಲ. ನೆಲದ ಮೇಲೆ ಹರಿಯುತ್ತಾ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ, ಕಾಂಡ ತಂತಿಯಷ್ಟು ಗಟ್ಟಿ. ಫೇರ್‌ವೇಯಲ್ಲಿ ಅದನ್ನು ಅರ್ಧ ಇಂಚಿನ ಆಸುಪಾಸು ಕತ್ತರಿಸಿಟ್ಟಿರುತ್ತಾರೆ, ಪಕ್ಕದಲ್ಲಿ ಒಂದೂವರೆ, ಎರಡು ಇಂಚು ಬೆಳೆಯಲು ಬಿಡುತ್ತಾರೆ. ಹುಲ್ಲು ಅದೇ, ಆದರೆ ಆ ಒಂದು ಇಂಚಿನಲ್ಲಿ ಅದರ ಗುಣವೇ ಬೇರೆ.

ವಿಡಿಯೊ ನೋಡಿ ಆಟ ಕಲಿಯುವವರಿಗೆ ಇದನ್ನು ಮೊದಲೇ ಹೇಳಬೇಕು. ಚಳಿ ದೇಶದ ತೆಳ್ಳನೆಯ ಹುಲ್ಲಿನಲ್ಲಿ ಕ್ಲಬ್ ನುಸುಳಿ ಹೋಗುವುದನ್ನು ನೋಡಿ ಇಲ್ಲಿ ಹಾಗೇ ಬೀಸಿದರೆ ಕರಿಕಿ ಕ್ಲಬ್ಬಿನ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಕ್ಲಬ್ಬಿನ ಮುಖ ತಿರುಚಿ ಮುಚ್ಚಿಕೊಳ್ಳುತ್ತದೆ. ಬಲಗೈ ಆಟಗಾರನ ಚೆಂಡು ಎಡಕ್ಕೆ ಸಿಡಿಯುತ್ತದೆ. ಸ್ವಿಂಗ್ ಕೆಟ್ಟಿತು ಎಂದು ಅವನು ಕೋಚ್ ಹುಡುಕಿಕೊಂಡು ಹೋಗುತ್ತಾನೆ, ಕೆಟ್ಟದ್ದು ಸ್ವಿಂಗ್ ಆಗಿರುವುದಿಲ್ಲ.

ನನಗೆ ಕಣ್ಣು ತೆರೆಸಿದ್ದು ಒಬ್ಬ ಕ್ಯಾಡಿ. ಚೆಂಡಿನ ಹತ್ತಿರ ಹೋಗುತ್ತಲೇ ಎಷ್ಟು ಗಜ ಎಂದು ಕೇಳುವುದು ನನ್ನ ರೂಢಿಯಾಗಿತ್ತು. ಆತ ಉತ್ತರ ಕೊಡದೆ ಚೆಂಡಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ‘ಸಾರ್, ಗ್ರೀನ್ ಎಲ್ಲೂ ಓಡೋಗಲ್ಲ. ಮೊದ್ಲು ಲೈ ನೋಡಿ’ ಅಂದ. ಲೈ ಎಂದರೆ ಚೆಂಡು ಕೂತ ಬಗೆ. ಎಷ್ಟು ಕೂತಿದೆ, ಅದರ ಹಿಂದೆ ಹುಲ್ಲು ಎಷ್ಟಿದೆ, ಯಾವ ಕಡೆ ವಾಲಿದೆ, ಒದ್ದೆಯಾಗಿದೆಯೇ. ಇಷ್ಟು ನೋಡಿದ ಮೇಲೇ ಗಜದ ಲೆಕ್ಕ.

ಚೆಂಡು ಹುಲ್ಲಿನ ತುದಿಯ ಮೇಲೆ ಕೂತಿದ್ದರೆ ಅದು ಬಂಪರ್ ಎಂದು ತೋರುತ್ತದೆ. ಅಲ್ಲೂ ಒಂದು ಕುತ್ತು ಇದೆ: ಕೆಳಗೆ ಪೊಳ್ಳು. ಕಡಿದಾಗಿ ಹೊಡೆದರೆ ಕ್ಲಬ್ ಚೆಂಡಿನ ಅಡಿಗೆ ಹಾಯ್ದು, ಚೆಂಡು ಕ್ಲಬ್ಬಿನ ಮುಖದ ಮೇಲಂಚಿಗೆ ತಗಲಿ ಮೇಲಕ್ಕೆ ಹಾರಿ ಅರ್ಧ ದಾರಿಗೆ ಬೀಳುತ್ತದೆ. ಹಿಡಿಕೆಯನ್ನು ಅರ್ಧ ಇಂಚು ಕೆಳಗೆ ಹಿಡಿದು, ಕ್ಲಬ್ಬನ್ನು ನೆಲಕ್ಕೆ ಊರದೆ ಚೆಂಡಿನ ಮಟ್ಟಕ್ಕೆ ತೇಲಿಸಿಟ್ಟುಕೊಂಡು, ಟೀ ಮೇಲಿನ ಚೆಂಡಿಗೆ ಬೀಸುವ ಹಾಗೆ ಗುಡಿಸಿಕೊಂಡು ಹೋಗಬೇಕು. ಊರದಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಹುಲ್ಲು ಕುಸಿದು ಚೆಂಡು ಅಲುಗಿ, ಅದಕ್ಕೆ ನೀವೇ ಕಾರಣರಾದರೆ ಒಂದು ಹೊಡೆತ ದಂಡ, ಚೆಂಡನ್ನು ಮತ್ತೆ ಇದ್ದಲ್ಲೇ ಇಡಬೇಕು.

ಅರ್ಧ ಮುಳುಗಿದ ಚೆಂಡು ಎಲ್ಲಕ್ಕಿಂತ ಮೋಸದ್ದು. ಹೊಡೆತದ ಹೊತ್ತಿಗೆ ಕ್ಲಬ್ಬಿನ ಮುಖಕ್ಕೂ ಚೆಂಡಿಗೂ ನಡುವೆ ಹುಲ್ಲು ಸಿಕ್ಕಿಕೊಳ್ಳುತ್ತದೆ. ಮುಖದ ಮೇಲಿನ ಗೀರುಗಳು ಚೆಂಡನ್ನು ಕಚ್ಚಿ ಹಿಮ್ಮುಖವಾಗಿ ತಿರುಗಿಸಬೇಕು, ಹುಲ್ಲಿನ ರಸ ಅದನ್ನು ಜಾರಿಸಿಬಿಡುತ್ತದೆ. ತಿರುಗು ಕಡಿಮೆಯಾದ ಚೆಂಡು ಗಾಳಿಯಲ್ಲಿ ನಿಲ್ಲುವುದಿಲ್ಲ, ಗ್ರೀನ್ ಮೇಲೂ ನಿಲ್ಲುವುದಿಲ್ಲ. ಏಳನೇ ಐರನ್‌ನಲ್ಲಿ ಬಾರಿಸಿದ್ದು ಆರನೇ ಐರನ್ನಿನಷ್ಟು ದೂರ ಹಾರಿ, ಬಿದ್ದ ಮೇಲೂ ಓಡಿ ಹಿಂದಿನ ಬಂಕರ್ ಸೇರುತ್ತದೆ. ಆಟಗಾರರು ಇದಕ್ಕೆ ಫ್ಲೈಯರ್ ಎನ್ನುತ್ತಾರೆ. ಇದರ ಬಿಸಿ ದೊಡ್ಡವರಿಗೂ ತಟ್ಟಲಿ ಎಂದೇ ಗಾಲ್ಫ್‌ನ ನಿಯಮ ರೂಪಿಸುವ ಸಂಸ್ಥೆಗಳು 2010ರಿಂದ ಕ್ಲಬ್ಬಿನ ಗೀರುಗಳ ಗಾತ್ರಕ್ಕೆ, ಅಂಚಿನ ಚೂಪಿಗೆ ಹೊಸ ಮಿತಿ ಹಾಕಿದವು. ಅದಕ್ಕೂ ಮೊದಲು ಚೂಪಂಚಿನ ಚೌಕ ಗೀರುಗಳ ಬಲದಿಂದ ವೃತ್ತಿಪರರು ರಫ್‌ನಿಂದಲೂ ಚೆಂಡನ್ನು ಗ್ರೀನ್ ಮೇಲೆ ಗಕ್ಕನೆ ನಿಲ್ಲಿಸುತ್ತಿದ್ದರು. ಫೇರ್‌ವೇಯಲ್ಲಿ ಚೆಂಡು ಇಡುವವನಿಗೆ ಸಿಗಬೇಕಾದ ಲಾಭ ಸಿಗುತ್ತಿರಲಿಲ್ಲ.

ಫ್ಲೈಯರ್ ತಡೆಯಲು ನನ್ನಂಥವರಿಗೆ ಆಗುವುದಿಲ್ಲ, ಅದನ್ನು ಲೆಕ್ಕಕ್ಕೆ ಹಿಡಿಯಲು ಆಗುತ್ತದೆ. ಒಂದು ಕ್ಲಬ್ ಕಡಿಮೆ ತೆಗೆದುಕೊಂಡು, ಗ್ರೀನಿನ ಮುಂಭಾಗ ತೆರೆದಿದ್ದರೆ ಗ್ರೀನಿಗೂ ಮೊದಲೇ ಬೀಳಿಸಿ ಉರುಳಿ ಹೋಗಲು ಬಿಡುವುದು. ಮುಂದೆ ಬಂಕರೋ ನೀರೋ ಇದ್ದರೆ ಧ್ವಜ ಮರೆತು ಗ್ರೀನಿನ ಅಗಲವಾದ ಭಾಗಕ್ಕೆ ಗುರಿ ಇಡುವುದು. ಚೆಂಡನ್ನು ನಿಲುವಿನಲ್ಲಿ ಒಂದು ಚೆಂಡಿನಷ್ಟು ಹಿಂದಕ್ಕೆ ಸರಿಸಿ, ತೂಕ ಮುಂದಿನ ಕಾಲಿನ ಮೇಲೆ ಹೆಚ್ಚು ಹಾಕಿ, ಸ್ವಲ್ಪ ಕಡಿದಾಗಿ ಇಳಿದರೆ ನಡುವೆ ಸಿಕ್ಕುವ ಹುಲ್ಲು ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಹೋಗುತ್ತದೆ ಎಂದು ಹೇಳುವ ಕೋಚ್‌ಗಳನ್ನು ನಾನು ನಂಬುವುದು ಬಿಟ್ಟಿದ್ದೇನೆ.

ಪೂರ್ತಿ ಮುಳುಗಿದ ಚೆಂಡಿಗೆ ಹೆಚ್ಚು ಮಾತು ಬೇಡ. ಎಂಟನೇ ಐರನ್ನೋ ಒಂಬತ್ತೋ ತೆಗೆದುಕೊಂಡು, ಎಡಗೈಯ ಕೊನೆಯ ಮೂರು ಬೆರಳು ಬಿಗಿ ಹಿಡಿದು, ಮುಖವನ್ನು ಕೂದಲೆಳೆಯಷ್ಟು ತೆರೆದಿಟ್ಟು ಫೇರ್‌ವೇಗೆ ಹಾಕಿಕೊಳ್ಳಿ.

ಹುಲ್ಲು ವಾಲಿದ ದಿಕ್ಕಿನ ವಿಚಾರ ಮಾತ್ರ ನಾನು ಬೆಂಗಳೂರಿನಲ್ಲಿ ಕಲಿತದ್ದಲ್ಲ. ಡ್ರೈವಿಂಗ್ ರೇಂಜ್‌ನಲ್ಲಿ ನಾವು ಹೊಡೆಯುವುದು ಪ್ಲಾಸ್ಟಿಕ್ ಮ್ಯಾಟ್ ಮೇಲೆ. ಅದರ ಮೇಲೆ ರಫ್ ಕಲಿಯುವುದೆಂದರೆ ಹಾಸಿಗೆಯ ಮೇಲೆ ಈಜು ಕಲಿತ ಹಾಗೆ. ಹಾಗಾಗಿ ಊರಿಗೆ ಹೋದಾಗ ಒಂದು ಕ್ಲಬ್ಬು, ತೂತಿರುವ ಹಗುರ ಪ್ಲಾಸ್ಟಿಕ್ ಚೆಂಡುಗಳ ಚೀಲ ಒಯ್ಯತೊಡಗಿದೆ. ನಿಜವಾದ ಗಾಲ್ಫ್ ಚೆಂಡು ಬೇಡವೇ ಬೇಡ. ಸುಮಾರು 46 ಗ್ರಾಂ ತೂಕದ ಆ ಗಟ್ಟಿ ಚೆಂಡು ದನ ಮೇಯಿಸುವವರ ತಲೆಗೆ ಬಿದ್ದರೆ ಪಂಚಾಯಿತಿ ಸೇರಬೇಕಾಗುತ್ತದೆ. ಗೋವಿನಜೋಳ ಮುರಿದಾದ ಮೇಲೆ ಹೊಲದ ಒಡ್ಡಿನ ಮೇಲೆ ಕರಿಕಿ ಎರಡು ಇಂಚು ಎದ್ದಿರುತ್ತದೆ, ಅಲ್ಲಲ್ಲಿ ದನ ಮೇಯ್ದು ತೆಳುವಾಗಿರುತ್ತದೆ. ಯಾವ ಗಾಲ್ಫ್ ಕ್ಲಬ್ಬೂ ಕೊಡದ ಅಭ್ಯಾಸದ ಜಾಗ ಅದು.

ಅಲ್ಲಿ ನಾನು ಬೀಸುತ್ತಿದ್ದಾಗ ದೊಡ್ಡಪ್ಪ ಕುಡುಗೋಲು ಹಿಡಿದು ದನಕ್ಕೆ ಹುಲ್ಲು ಕೊಯ್ಯಲು ಬಂದರು. ಸ್ವಲ್ಪ ಹೊತ್ತು ನಿಂತು ನೋಡಿದರು. ‘ಏನ್ ತಮ್ಮಾ, ಹುಲ್ಲು ಕೊಯ್ಯಾಕ ಬಂದೀಯೋ, ನೆಲ ಅಗಿಯಾಕ ಬಂದೀಯೋ?’

‘ಆಟಾರೀ ದೊಡ್ಡಪ್ಪ.’

‘ಆಟ ಆಡು, ಬ್ಯಾಡ ಅನ್ನಾಂಗಿಲ್ಲ. ಹುಲ್ಲು ಯಾಕಡಿ ಮಲಗೈತಿ ನೋಡ್ದನ ಕೈ ಹಾಕಿದ್ರ ಹಿಂಗ ಆಕ್ಕೈತಿ.’

ಅವರು ಕೂತು ತೋರಿಸಿದರು. ಹುಲ್ಲು ಮಲಗಿದ ದಿಕ್ಕಿಗೇ ಕುಡುಗೋಲು ಎಳೆದರೆ ಅಲಗು ಮೇಲೆ ಜಾರಿ ಹೋಯಿತು, ಬರೀ ತುದಿ ಕತ್ತರಿಸಿತು. ಎದುರು ದಿಕ್ಕಿನಿಂದ ಎಳೆದಾಗ ಬುಡಕ್ಕೆ ಕಚ್ಚಿತು, ಎಳೆಯಲು ಬಲ ಬೇಕಾಯಿತು. ಅಷ್ಟೇ ಪಾಠ. ಆದರೆ ಆ ಸಂಜೆ ಅದೇ ಒಡ್ಡಿನ ಮೇಲೆ ಎರಡೂ ದಿಕ್ಕಿಗೆ ನಿಂತು ಹೊಡೆದು ನೋಡಿದಾಗ ಕೈಗೆ ಸಿಕ್ಕ ವ್ಯತ್ಯಾಸ ಯಾವ ವಿಡಿಯೊದಲ್ಲೂ ಸಿಕ್ಕಿರಲಿಲ್ಲ. ಹುಲ್ಲು ಗುರಿಯ ಕಡೆಗೆ ವಾಲಿದ್ದರೆ ಕ್ಲಬ್ ಸಲೀಸಾಗಿ ಜಾರುತ್ತದೆ, ಫ್ಲೈಯರ್ ಆಗುವ ಸಂಭವ ಹೆಚ್ಚು. ನಮ್ಮ ಕಡೆಗೆ ವಾಲಿದ್ದರೆ ಹುಲ್ಲು ಕ್ಲಬ್ಬನ್ನು ಕಚ್ಚಿ ವೇಗ ಕೊಲ್ಲುತ್ತದೆ, ಚೆಂಡು ಕಡಿಮೆ ದೂರಕ್ಕೆ ಬೀಳುತ್ತದೆ. ಒಂದು ಕ್ಲಬ್ ಹೆಚ್ಚು ತೆಗೆದುಕೊಳ್ಳಬೇಕು. ಒಂದೇ ದೂರ, ಒಂದೇ ಎತ್ತರದ ಹುಲ್ಲು, ಆದರೂ ಎರಡು ಕ್ಲಬ್ಬಿನ ಫರಕು. ಚೆಂಡಿನ ಬಳಿಯ ಹುಲ್ಲನ್ನು ಕೈಯಿಂದ ಒತ್ತಿ ನೋಡುವ ಹಾಗಿಲ್ಲ ಅನ್ನಿ. ಚೆಂಡಿನಿಂದ ಎರಡು ಹೆಜ್ಜೆ ದೂರದಲ್ಲಿ, ಅದೇ ಥರದ ಹುಲ್ಲಿನಲ್ಲಿ, ಅದೇ ದಿಕ್ಕಿಗೆ ಒಂದು ಅಭ್ಯಾಸದ ಸ್ವಿಂಗ್ ಮಾಡಿ. ಕ್ಲಬ್ ಎಷ್ಟು ತಡೆಯುತ್ತದೆ ಎಂದು ಮಣಿಕಟ್ಟು ಹೇಳುತ್ತದೆ.

ಚೆಂಡಿನ ಹತ್ತಿರದ ಹುಲ್ಲನ್ನು ಮುಟ್ಟುವುದರ ಬಗ್ಗೆ ಒಂದು ಮಾತು. ಕ್ಲಬ್ ಇಡುವ ನೆಪದಲ್ಲಿ ಚೆಂಡಿನ ಹಿಂದಿನ ಹುಲ್ಲನ್ನು ಮೆಲ್ಲಗೆ ತಟ್ಟಿ ತಟ್ಟಿ ಮಲಗಿಸುವವರನ್ನು ಎಲ್ಲ ಮೈದಾನಗಳಲ್ಲೂ ಕಾಣಬಹುದು. ಕ್ಲಬ್ಬನ್ನು ಹಗುರವಾಗಿ ಊರಬಹುದು, ಒತ್ತುವಂತಿಲ್ಲ. ಬೆಳೆಯುತ್ತಿರುವ ಹುಲ್ಲನ್ನು ಬಗ್ಗಿಸಿ ಲೈ ಸುಧಾರಿಸಿಕೊಂಡರೆ ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತ ದಂಡ. ಉದುರಿದ ಎಲೆ, ಕತ್ತರಿಸಿ ಬಿಟ್ಟ ಹುಲ್ಲು ತೆಗೆಯಬಹುದು, ಚೆಂಡು ಅಲುಗದಂತೆ. ಗೆಳೆಯರ ನಡುವಿನ ಆಟದಲ್ಲಿ ಯಾರೂ ಕೇಳುವುದಿಲ್ಲ ನಿಜ. ಆದರೆ ತಟ್ಟಿ ಮಲಗಿಸಿದ ಹುಲ್ಲಿನ ಮೇಲೆ ಆಡಿದವನಿಗೆ ರಫ್ ಎಂದಿಗೂ ಬರುವುದಿಲ್ಲ.

ಮಳೆಗಾಲಕ್ಕೆ ಲೆಕ್ಕ ಬದಲಾಗುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಬೆಂಗಳೂರಿನಲ್ಲಿ ಗರಿಕೆ ಎಷ್ಟು ಬೇಗ ಏರುತ್ತದೆಂದರೆ ವಾರದ ಆರಂಭದಲ್ಲಿ ತೆಳುವಾಗಿದ್ದ ರಫ್ ವಾರದ ಕೊನೆಗೆ ತೆಳುವಾಗಿರುವುದಿಲ್ಲ. ನೀರು ಸೇರಿದರೆ ತಿರುಗು ಇನ್ನೂ ಕಡಿಮೆ. ಪ್ರತಿ ಹೊಡೆತಕ್ಕೂ ಮೊದಲು ಕ್ಲಬ್ಬಿನ ಮುಖ ಒರೆಸಿಕೊಳ್ಳಲು ಒಣ ಬಟ್ಟೆ ಇಟ್ಟುಕೊಳ್ಳಿ. ಚೆಂಡು ತಾನು ಬಿದ್ದು ಮಾಡಿದ ಗುಳಿಯಲ್ಲೇ ನೆಲಕ್ಕಿಂತ ಕೆಳಗೆ ಹೂತಿದ್ದರೆ 2019ರ ನಿಯಮದಂತೆ ರಫ್‌ನಲ್ಲೂ ದಂಡವಿಲ್ಲದೆ ಎತ್ತಿ ಡ್ರಾಪ್ ಮಾಡಬಹುದು. ಇದು ಗೊತ್ತಿಲ್ಲದೆ ಕೆಸರಿನಿಂದ ಹೊಡೆಯುವವರು ಬಹಳ. ಚೆಂಡು ಹುಡುಕಲು ಸಿಗುವುದು ಅದೇ ವರ್ಷದಿಂದ ಮೂರೇ ನಿಮಿಷ, ಮೊದಲು ಐದಿತ್ತು. ಮಾರ್ಚ್, ಏಪ್ರಿಲ್‌ನಲ್ಲಿ ಉಲ್ಟಾ. ಹುಲ್ಲು ಒಣಗಿ, ರಫ್‌ನ ಕೆಳಗೆ ನೆಲ ಕಲ್ಲಾಗಿರುತ್ತದೆ. ಆಗ ಹುಲ್ಲಿಗಿಂತ ನೆಲಕ್ಕೆ ಹೆದರಬೇಕು.

ಚೀಲದಲ್ಲಿ ಏನಿರಬೇಕು ಎಂದು ಕೇಳುವವರಿಗೆ: ಮೂರನೇ, ನಾಲ್ಕನೇ ಐರನ್ ಮನೆಯಲ್ಲಿಟ್ಟು ಒಂದು ಹೈಬ್ರಿಡ್ ಇಟ್ಟುಕೊಳ್ಳಿ. ಅದರ ಅಗಲ ತಳ ಹುಲ್ಲಿನೊಳಗೆ ಅಗೆಯದೆ ಜಾರುತ್ತದೆ, ತೂಕ ಕೆಳಗಿರುವುದರಿಂದ ಚೆಂಡು ಸುಲಭವಾಗಿ ಏಳುತ್ತದೆ. 2004ರಲ್ಲಿ ರಾಯಲ್ ಟ್ರೂನ್‌ನಲ್ಲಿ ಬ್ರಿಟಿಷ್ ಓಪನ್ ಗೆದ್ದ ಅಮೆರಿಕದ ಟಾಡ್ ಹ್ಯಾಮಿಲ್ಟನ್ ಗ್ರೀನಿನ ಪಕ್ಕದಿಂದಲೂ ಹೈಬ್ರಿಡ್‌ನಲ್ಲೇ ಚೆಂಡು ಉರುಳಿಸಿದ್ದರು. ಅದಿತಿಯನ್ನೇ ನೋಡಿ. ಟೋಕಿಯೊದಲ್ಲಿ ಎದುರಾಳಿಗಳು ದೂರ ಹೊಡೆದು ಗಿಡ್ಡ ಐರನ್ ಹಿಡಿಯುತ್ತಿದ್ದ ಕಡೆ ಅವರು ಉದ್ದ ಕ್ಲಬ್ ಹಿಡಿಯಬೇಕಾಯಿತು. ಆದರೂ ನಾಲ್ಕನೇ ಸ್ಥಾನ. ಉದ್ದ ಕ್ಲಬ್ ಹಿಡಿಯುವುದರಲ್ಲಿ ಅವಮಾನವೇನೂ ಇಲ್ಲ.

ಇಷ್ಟಾದರೂ ತೆಳು ರಫ್‌ನಿಂದ ನಾನು ಫೇರ್‌ವೇಯಿಂದ ಹೊಡೆದಷ್ಟು ಚೆನ್ನಾಗಿ ಹೊಡೆಯುತ್ತೇನೆಂದು ತಿಳಿಯಬೇಡಿ. ಯಾರೂ ಹೊಡೆಯುವುದಿಲ್ಲ. ಸುಧಾರಿಸಿದ್ದು ಹೊಡೆತಕ್ಕಿಂತ ಹೆಚ್ಚಾಗಿ ಆಯ್ಕೆ: ಹಿಂದಿನ ಬಂಕರ್ ಸೇರುತ್ತಿದ್ದ ಚೆಂಡು ಈಗ ಗ್ರೀನಿನ ಮುಂದೆ ಹುಲ್ಲುಹಾಸಿನ ಮೇಲೆ ನಿಲ್ಲುತ್ತದೆ, ಅಲ್ಲಿಂದ ಒಂದು ಚಿಪ್, ಒಂದು ಪಟ್. ಬೋಗಿಗಿಂತ ಕೆಟ್ಟದ್ದು ಅಪರೂಪ. ನನ್ನಂಥವನಿಗೆ ಅದು ಸಾಕು.

ಡ್ರೈವಿಂಗ್ ರೇಂಜ್ ನಡೆಸುವವರಲ್ಲಿ ಒಂದು ಕೋರಿಕೆ. ಮ್ಯಾಟ್‌ಗಳ ಸಾಲಿನ ಕೊನೆಯಲ್ಲಿ ಹತ್ತು ಅಡಿ ಅಗಲದ ಒಂದು ಪಟ್ಟಿಯಲ್ಲಿ ಗರಿಕೆಯನ್ನು ಎರಡು ಇಂಚು ಬೆಳೆಯಲು ಬಿಡಿ, ಅಲ್ಲಿಂದ ಹೊಡೆಯಲು ಬಿಡಿ. ಖರ್ಚೇನೂ ಇಲ್ಲ, ಕತ್ತರಿಸುವ ಕೆಲಸ ಕಡಿಮೆಯಾಗುತ್ತದೆ. ಹೊಲದ ಒಡ್ಡು ಎಲ್ಲರಿಗೂ ಇರುವುದಿಲ್ಲ.