ಮಗ್ಗದಿಂದ ಎಬ್ಬಿಸಿ ಉಸ್ತುವಾರಿಗೆ ನಿಲ್ಲಿಸುವ ಮುನ್ನ: ಇಳಕಲ್ಲಿನ ಮಾಲೀಕರಿಗೆ ಕಿವಿಮಾತು

ಆಳಾಗಬಲ್ಲವನು ಅರಸಾಗಬಲ್ಲ ಎಂಬ ಗಾದೆ ನಂಬಿ, ಚೆನ್ನಾಗಿ ನೇಯುವವರ ಕೈಗೇ ಹತ್ತು ಮಗ್ಗಗಳ ಉಸ್ತುವಾರಿ ಕೊಟ್ಟುಬಿಡುತ್ತೇವೆ. ನೇಯುವುದು ಬೇರೆ, ನೇಯಿಸುವುದು ಬೇರೆ. ಎರಡನೆಯದನ್ನು ಕಲಿಸಬೇಕಾದವರು ನಾವು.

• ತಮ್ಮ ಕೈಯ ವೇಗದಿಂದ ಎಲ್ಲರನ್ನೂ ಅಳೆಯದಂತೆ ಮೊದಲೇ ಹೇಳಿ. ಹೊಸ ಕೈಗೆ ಸಾದಾ ಮೈ ಕೊಡಲಿ, ಚೌಕಡಿ ಆಮೇಲೆ.

• ಗಡುವು ಹಾಕುವುದನ್ನು ಕಲಿಸಿ. ನಮ್ಮ ಸೀರೆಯ ಮೈಗೂ ಸೆರಗಿಗೂ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹಾಸು ಹೂಡುವುದು, ಕಂಡಿಕೆ ಸುತ್ತುವುದು ಬಹುಪಾಲು ಮನೆಯ ಹೆಣ್ಣುಮಕ್ಕಳ ದುಡಿಮೆ. ಅವರ ಹೊತ್ತನ್ನು ಲೆಕ್ಕಕ್ಕೆ ಹಿಡಿಯದೆ ವ್ಯಾಪಾರಿಗೆ ಕೊಟ್ಟ ಮಾತು ಸುಳ್ಳಾಗುತ್ತದೆ. ಈ ಲೆಕ್ಕ ಬಲ್ಲ ಹೆಣ್ಣುಮಗಳಿದ್ದರೆ ಉಸ್ತುವಾರಿ ಆಕೆಗೇ ಕೊಡಿ.

• ಟೋಪ ತೆನಿ ಸೆರಗಿನಲ್ಲಿ ಕೆಂಪು-ಬಿಳಿಯ ಪಟ್ಟಿ ಏರುಪೇರಾದರೆ ಮಗ್ಗದ ಪಕ್ಕ ಕೂತು ಮಾತಾಡಲಿ. ವ್ಯಾಪಾರಿಯ ಎದುರು ಸೀರೆ ಬಿಚ್ಚಿ ತೋರಿಸುವುದು ಬೇಡ. ನೂಲು ಕೆಟ್ಟಿತ್ತೇ, ಗಂಜಿ ಕಡಿಮೆಯಾಯಿತೇ, ನೇಕಾರನ ಕಣ್ಣು ಮಂಜಾಗಿದೆಯೇ? ಬೈಯುವ ಮೊದಲು ಕೇಳಲಿ.

• ಸೀರೆ ಇಳಿದ ದಿನವೇ ಕೂಲಿ ಕೊಡಿಸಿ. ಮುಂಗಡಕ್ಕೆಂದು ಮುರಿದದ್ದನ್ನು ನೇಕಾರರ ಎದುರೇ ಬರೆಸಿ. ನೀವು ಕೊಟ್ಟ ನೂಲಿನ ದೋಷಕ್ಕೆ ಅವರ ಕೂಲಿ ಹಿಡಿಯುವ ಕೆಲಸವನ್ನು ಹೊಸ ಉಸ್ತುವಾರಿಗಳಿಂದ ಮಾಡಿಸಬೇಡಿ.

• ಕುಡಿತಕ್ಕೆ ಬಿದ್ದವರನ್ನು ಹೀಯಾಳಿಸಿ ತಿದ್ದಲಾಗದು. ಚಿತ್ತರಗಿ-ಇಳಕಲ್ ಮಠದ ಮಹಾಂತ ಸ್ವಾಮೀಜಿ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1 ಈಗ ರಾಜ್ಯಕ್ಕೇ ವ್ಯಸನಮುಕ್ತ ದಿನ. ಗದರುವುದಕ್ಕಿಂತ ಕೇಳಿಕೊಳ್ಳುವುದು ಹೆಚ್ಚು ನಾಟುತ್ತದೆ ಎಂಬುದಕ್ಕೆ ನಮ್ಮೂರಲ್ಲೇ ಸಾಕ್ಷಿಯಿದೆ.

• ಹೊಸಬರ ತೀರ್ಮಾನವನ್ನು ನಾಲ್ಕು ಜನರ ಮುಂದೆ ತಿರುವಿ ಹಾಕಬೇಡಿ. ತಪ್ಪಿದ್ದರೆ ಸಂಜೆ ಒಬ್ಬರನ್ನೇ ಕರೆದು ಹೇಳಿ. ತಿದ್ದುಪಡಿ ಅವರ ಬಾಯಿಂದಲೇ ಬರಲಿ.

• ಸಣ್ಣ ಮುಂಗಡ ಕೊಡುವ ಅಧಿಕಾರ ಅವರಿಗಿರಲಿ. ಎಲ್ಲದಕ್ಕೂ "ಧಣ್ಯಾರನ್ನ ಕೇಳಿ ಹೇಳ್ತೀನ್ರಿ" ಎನ್ನುವವರ ಮಾತಿಗೆ ಬೆಲೆಯಿಲ್ಲ.

• ಮೊದಲ ವರ್ಷ ಒಬ್ಬ ಹಿರಿಯ ನೇಕಾರರನ್ನು ಜೊತೆಗೆ ಕೊಡಿ. ವಾರಕ್ಕೊಮ್ಮೆ ಕೂತಾಗ ಎಷ್ಟು ಸೀರೆ ಇಳಿದವು ಎನ್ನುವುದಕ್ಕಿಂತ ಮೊದಲು, ಯಾರು ಮಗ್ಗ ಬಿಟ್ಟು ಗ್ರಾನೈಟ್ ಕೆಲಸಕ್ಕೆ ಹೊರಟಿದ್ದಾರೆ, ಯಾಕೆ ಎಂದು ಕೇಳಿ.

ಆರು ತಿಂಗಳ ನಂತರ ಮಗ್ಗಗಳನ್ನು ಎಣಿಸಿ ನೋಡಿ. ಅರ್ಧ ಖಾಲಿಯಾಗಿದ್ದರೆ ಹೊಸಬರನ್ನು ಬೈಯಬೇಡಿ. ಕಲಿಸದೆ ಕೂಡಿಸಿದ ತಪ್ಪು ನಿಮ್ಮದು.