ಅಂತರಗಂಗೆಯ ಬಂಡೆ, ಕೆಜಿಎಫ್‌ನ ದಿಬ್ಬ: ಬೆಟ್ಟದ ದಾರಿ ಓದೋದು ಹೇಗೆ?

ಹಾಸ್ಟೆಲಲ್ಲಿ ಟ್ರೆಕ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ಕುಮಾರ ಪರ್ವತ, ಕುದುರೆಮುಖ. ಸ್ವಲ್ಪ ದುಡ್ಡಿರೋರು ಹಿಮಾಲಯ ಅಂತಾರೆ. ನಮ್ಮ ಬಂಗಾರಪೇಟೆಯಿಂದ ಬಸ್ ಹತ್ತಿ ಕೋಲಾರದಲ್ಲಿ ಇಳಿದರೆ ಮೂರ್ನಾಲ್ಕು ಕಿಲೋಮೀಟರಲ್ಲೇ ಅಂತರಗಂಗೆ ಇದೆ. ಆ ಬೆಟ್ಟಸಾಲಿಗೆ ಶತಶೃಂಗ ಅಂತ ಹೆಸರು. "ಅದೇನ್ ಬಿಡೋ, ಮೆಟ್ಟಿಲಿರೋ ಬೆಟ್ಟ" ಅಂತ ನಾವೂ ಅಂದುಕೊಂಡಿದ್ವಿ. ಕಳೆದ ಸೆಪ್ಟೆಂಬರಲ್ಲಿ ನಾವು ನಾಲ್ಕು ಜನ ಹೋದ್ವಿ. ಒಂದು ಗಂಟೆಯಲ್ಲಿ ಮೇಲಿರ್ತೀವಿ ಅಂದುಕೊಂಡಿದ್ದು ಎರಡು ಗಂಟೆ ಹತ್ತು ನಿಮಿಷ ಆಯ್ತು. ಇಳಿಯೋವಾಗ ಮಳೆ ಹಿಡೀತು. ನಮ್ಮಲ್ಲೊಬ್ಬ ಬಂಡೆ ಮೇಲಿಂದ ಜಾರಿ, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟು, ಥರ್ಡ್ ಸೆಮ್ ಇಂಟರ್ನಲ್ಸನ್ನ ಎಡಗೈಯಲ್ಲಿ ಬರೆದ.

ಈಗ ಕ್ಲಬ್ಬಿನಿಂದ ಫಸ್ಟ್ ಇಯರ್‌ನವರನ್ನ ಅಲ್ಲಿಗೇ ಕರ್ಕೊಂಡು ಹೋಗೋ ಮಾತು ನಡೀತಿದೆ. ಅದಕ್ಕೆ ಮೊದಲು, ನಾವು ಮಾಡದೇ ಹೋದ ಲೆಕ್ಕವನ್ನ ಇಲ್ಲಿ ಮಾಡ್ತಿದ್ದೀವಿ.

ಮೊದಲು ನಕ್ಷೆ. ಫೋನಲ್ಲಿರೋ ಮ್ಯಾಪು ರಸ್ತೆ ತೋರಿಸುತ್ತೆ, ಆದರೆ ಬೆಟ್ಟ ಎಷ್ಟು ಕಡಿದಾಗಿದೆ ಅಂತ ಹೇಳಲ್ಲ. ಅದಕ್ಕೆ ಸರ್ವೆ ಆಫ್ ಇಂಡಿಯಾದ ಟೋಪೋಶೀಟ್ ಬೇಕು. ಫಸ್ಟ್ ಇಯರಲ್ಲಿ ಸಿವಿಲ್ ಓದೋವಾಗ ಕಾಂಟೂರ್ ಅಂತ ಕೇಳಿರ್ತೀರಿ. ಕನ್ನಡದಲ್ಲಿ ಇದಕ್ಕೆ ಸಮೋನ್ನತ ರೇಖೆ ಅಂತಾರೆ. (ಈ ಪದ ನಮಗೆ ಗೊತ್ತಾಗಿದ್ದು ಈ ಲೇಖನ ಬರೆಯೋಕೆ ಕೂತ ಮೇಲೆ.) ಸಮುದ್ರಮಟ್ಟದಿಂದ ಒಂದೇ ಎತ್ತರದಲ್ಲಿರೋ ಜಾಗಗಳನ್ನೆಲ್ಲ ಸೇರಿಸಿ ಎಳೆದ ಗೆರೆ ಅದು. ಗೆರೆಗಳು ದೂರದೂರ ಇದ್ರೆ ಇಳಿಜಾರು ಸೌಮ್ಯ, ಒತ್ತೊತ್ತಾಗಿದ್ರೆ ಕಡಿದು.

ಹಳೇ ಸರಣಿಯ ಶೀಟ್ ನಂಬರಲ್ಲಿ ನಮ್ಮ ಜಾಗಗಳಿಗೆ ಒಂದು ತಮಾಷೆ ಇದೆ. 13 ಡಿಗ್ರಿ ಉತ್ತರ ಅಕ್ಷಾಂಶದ ಗೆರೆ ಬಂಗಾರಪೇಟೆಗೆ ಸ್ವಲ್ಪ ಉತ್ತರಕ್ಕೆ ಹಾದುಹೋಗುತ್ತೆ. ಹಾಗಾಗಿ ಕೋಲಾರ ಇರೋದು 57 ಕೆ/4ರಲ್ಲಿ, ಬಂಗಾರಪೇಟೆ 57 ಎಲ್/1ರಲ್ಲಿ, ಕೆಜಿಎಫ್ 57 ಎಲ್/5ರಲ್ಲಿ. ಒಂದು ದಿನದ ಸುತ್ತಾಟಕ್ಕೆ ಮೂರು ಶೀಟು!

ಈ ಶೀಟುಗಳ ಅಳತೆ 1:50,000. ಅಂದ್ರೆ ನಕ್ಷೆ ಮೇಲಿನ 1 ಸೆಂಟಿಮೀಟರ್ ನೆಲದ ಮೇಲೆ 500 ಮೀಟರ್. ಎರಡು ಗೆರೆಗಳ ನಡುವೆ ಎತ್ತರದ ವ್ಯತ್ಯಾಸ 20 ಮೀಟರ್. ಒಂದು ಉದಾಹರಣೆ ನೋಡೋಣ. ನಾವು ಹತ್ತೋ ಕಡೆ 4 ಮಿಲಿಮೀಟರ್ ಜಾಗದಲ್ಲಿ ಐದು ಅಂತರಗಳು ಬಂದಿವೆ ಅಂದುಕೊಳ್ಳಿ. ಅಡ್ಡ ದೂರ 200 ಮೀಟರ್, ಏರು 100 ಮೀಟರ್. ಟ್ಯಾನ್ ಬೆಲೆ 0.5, ಕೋನ ಸುಮಾರು 27 ಡಿಗ್ರಿ. ಮಾಮೂಲಿ ಮನೆ ಮೆಟ್ಟಿಲಿಗಿಂತ ಸ್ವಲ್ಪ ಸೌಮ್ಯ. ನೋಡೋಕೆ ಏನೂ ಭಯ ಇಲ್ಲ, ಅಲ್ವಾ?

ಮೋಸ ಆಗೋದು ಇಲ್ಲೇ. 27 ಡಿಗ್ರಿ ಅನ್ನೋದು ಸರಾಸರಿ. ಎರಡು ಗೆರೆಗಳ ಮಧ್ಯೆ 20 ಮೀಟರ್ ಏರು ಹೇಗೆ ಹಂಚಿಕೊಂಡಿದೆ ಅಂತ ನಕ್ಷೆ ಹೇಳೋದೇ ಇಲ್ಲ. ಅರ್ಧ ದೂರ ಸಪಾಟಾಗಿದ್ದು ಆಮೇಲೆ ಐದು ಮಹಡಿ ಎತ್ತರದ ಬಂಡೆ ನೆಟ್ಟಗೆ ನಿಂತಿದ್ದರೂ ಆ ಶೀಟಲ್ಲಿ ಒಂದು ಗೆರೆ ಕೂಡ ಹೆಚ್ಚಾಗದೇ ಇರಬಹುದು. ಮಣ್ಣಿನ ಬೆಟ್ಟಕ್ಕೆ ಸರಾಸರಿ ಸಾಕು. ಕೋಲಾರದ ಬೆಟ್ಟಗಳಿಗೆ ಸಾಲದು.

ಯಾಕೆ ಅಂದ್ರೆ ಈ ಬೆಟ್ಟಗಳು ಆಗಿರೋ ರೀತಿಯೇ ಹಾಗೆ. ಗ್ರಾನೈಟ್ ಜಾತಿಯ ಕಲ್ಲಿನೊಳಗೆ ಬಿರುಕುಗಳ ಜಾಲ ಇರುತ್ತೆ. ನೆಲದೊಳಗಿದ್ದಾಗ ನೀರು ಆ ಬಿರುಕುಗಳಿಗೆ ಇಳಿದು ಅಂಚುಗಳನ್ನ ಕೊಳೆಸಿ ಮಣ್ಣು ಮಾಡುತ್ತೆ, ನಡುವಿನ ತಿರುಳು ಗಟ್ಟಿಯಾಗಿ ಉಳಿಯುತ್ತೆ. ಲಕ್ಷಾಂತರ ವರ್ಷದಲ್ಲಿ ಮಣ್ಣು ತೊಳೆದುಹೋದ ಮೇಲೆ ಆ ದುಂಡು ತಿರುಳುಗಳು ಒಂದರ ಮೇಲೊಂದು ಕೂತಿರ್ತವೆ. ಅಂತರಗಂಗೆಯ ಗುಹೆಗಳು ಅಂತ ನಾವು ಕರೆಯೋದು ಈ ಬಂಡೆಗಳ ನಡುವಿನ ಸಂದುಗಳನ್ನ. ಅದರೊಳಗೆ ಜಿಪಿಎಸ್ ಚುಕ್ಕಿ ಮನಸ್ಸಿಗೆ ಬಂದ ಕಡೆ ಓಡಾಡುತ್ತೆ. ನಾವು ಒಂದೇ ಸಂದಿನೊಳಗೆ ಎರಡು ಸಲ ಹೋಗಿ ಬಂದಿದ್ವಿ.

ಇನ್ನು ಸಮಯದ ಲೆಕ್ಕ. ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನೋರು 1892ರಲ್ಲಿ ಒಂದು ಸೂತ್ರ ಕೊಟ್ರು. ಮೀಟರಲ್ಲಿ ಹೇಳೋದಾದ್ರೆ, 5 ಕಿಲೋಮೀಟರಿಗೆ ಒಂದು ಗಂಟೆ, ಜೊತೆಗೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಮ್ಮ ದಾರಿ 3 ಕಿಲೋಮೀಟರ್, ಏರು 240 ಮೀಟರ್ ಅಂತ ಹಿಡಿದಿದ್ವಿ. 36 ನಿಮಿಷ ಕೂಡಿಸು 24 ನಿಮಿಷ, ಸರಿಯಾಗಿ ಒಂದು ಗಂಟೆ. ಸೂತ್ರ ತಪ್ಪಲ್ಲ. ಅದು ನಡೆಯೋ ದಾರಿಗೆ ಬರೆದಿದ್ದು, ನಾವು ಅರ್ಧ ದಾರಿ ನಡೀಲೇ ಇಲ್ಲ, ಕೈ ಊರಿ ಹತ್ತಿದ್ವಿ.

ಕೈ ಬಳಸೋದಕ್ಕೂ ಒಂದು ಅಳತೆಗೋಲಿದೆ. ಅಮೆರಿಕದ ಯೊಸೆಮಿಟಿ ಪದ್ಧತಿಯಲ್ಲಿ ಒಂದನೇ ದರ್ಜೆ ಅಂದ್ರೆ ಬರೀ ನಡಿಗೆ. ಎರಡರಲ್ಲಿ ಆಗಾಗ ಕೈ ಊರಬೇಕು. ಮೂರರಲ್ಲಿ ಕೈಯಿಲ್ಲದೆ ಆಗಲ್ಲ. ನಾಲ್ಕರಲ್ಲಿ ಬಿದ್ದರೆ ಪ್ರಾಣಾಪಾಯ, ಹಗ್ಗ ಇರೋದು ಒಳ್ಳೇದು. ಐದು ಪೂರ್ತಿ ಹಗ್ಗದ ಕೆಲಸ. ನಮ್ಮ ಲೆಕ್ಕಕ್ಕೆ ಕಾಶಿ ವಿಶ್ವೇಶ್ವರ ಗುಡಿ ತನಕದ ಮೆಟ್ಟಿಲು ಒಂದನೇ ದರ್ಜೆ (ಕೋತಿಗಳನ್ನ ಬಿಟ್ಟರೆ). ಬಸವನ ಬಾಯಿಂದ ನೀರು ಬೀಳೋ ಕಲ್ಯಾಣಿ ದಾಟಿ ಮೇಲಕ್ಕೆ ಹೋದರೆ ಎರಡು. ಗುಹೆಗಳ ಕಡೆ ಮೂರು. ಸ್ವಿಟ್ಜರ್ಲೆಂಡಿನ ಆಲ್ಪ್ಸಲ್ಲಿ ಇದನ್ನೆಲ್ಲ ಬಂಡೆ ಮೇಲೇ ಬಣ್ಣದಲ್ಲಿ ಬರೆದಿರ್ತಾರೆ. ಹಳದಿ ಗುರುತಿದ್ರೆ ಮಾಮೂಲಿ ದಾರಿ, ಬಿಳಿ-ಕೆಂಪು-ಬಿಳಿ ಇದ್ರೆ ಬೆಟ್ಟದ ದಾರಿ, ಬಿಳಿ-ನೀಲಿ-ಬಿಳಿ ಇದ್ರೆ ಅನುಭವ ಇರೋರಿಗೆ ಮಾತ್ರ. ನಮ್ಮಲ್ಲಿ ಬಂಡೆ ಮೇಲೆ ಬರೆದಿರೋದು ಹುಡುಗ-ಹುಡುಗಿಯರ ಹೆಸರು, ನಡುವೆ ಒಂದು ಬಾಣ. ಆ ಬಾಣ ನಂಬಿ ದಾರಿ ಹಿಡೀಬೇಡಿ!

ನಾವು ದಾರಿ ತಪ್ಪಿದ್ದು ಒಂದು ಕವಲಲ್ಲಿ. ಆಡು ಕಾಯ್ತಿದ್ದ ತಾತ ಒಬ್ಬರು ಕೂಗಿದ್ರು. "ಏನ್ರಪ್ಪಾ, ಅದು ಆಡು ಹೋಗೋ ದಾರಿ, ನೀವ್ಯಾಕೆ ಹೋಗ್ತೀರ?" ಹೇಗೆ ಗೊತ್ತಾಗುತ್ತೆ ತಾತ ಅಂದ್ವಿ. ಆಡಿನ ದಾರಿ ಗಿಡದಿಂದ ಗಿಡಕ್ಕೆ ಹೋಗಿ ಕವಲೊಡೆದು ಸಣ್ಣಗಾಗ್ತಾ ಪೊದೆಯಲ್ಲಿ ಮುಗಿಯುತ್ತೆ, ಜನರ ದಾರಿಯಲ್ಲಿ ಕಾಲು ಬಿದ್ದು ಬಿದ್ದು ಕಲ್ಲು ನುಣುಪಾಗಿರುತ್ತೆ ಅಂದ್ರು. ಬೆಟ್ಟದ ಮೇಲೆ ತೇರಹಳ್ಳಿ ಥರ ಊರುಗಳೇ ಇವೆ. ಅವರಿಗೆ ಇದು ಟ್ರೆಕ್ ಅಲ್ಲ, ಓಡಾಡೋ ದಾರಿ. ಮಳೆ ಬರುತ್ತೆ, ಬೇಗ ಇಳಿದುಬಿಡಿ ಅಂತಲೂ ತಾತ ಅಂದಿದ್ರು. ನಾವು ಫೋಟೋ ತೆಗೀತಾ ನಿಂತ್ವಿ.

ಈಗ ಆ ಬಂಡೆಗೆ ಬರೋಣ. ಇಳಿಜಾರಲ್ಲಿ ನಿಂತವನು ಜಾರದೇ ಇರಬೇಕಾದ್ರೆ ಘರ್ಷಣ ಗುಣಾಂಕ ಆ ಕೋನದ ಟ್ಯಾನ್ ಬೆಲೆಗಿಂತ ಹೆಚ್ಚಿರಬೇಕು. ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದು ಇದೇ. ತೂಕ ಎರಡೂ ಕಡೆ ಹೊಡೆದುಹೋಗುತ್ತೆ, ಹಾಗಾಗಿ ದಪ್ಪ ಇರೋನು ಬೇಗ ಜಾರ್ತಾನೆ ಅನ್ನೋದು ಸುಳ್ಳು. ಆಮೇಲೊಂದು ದಿನ ಹೋಗಿ ಫೋನ್ ಇಟ್ಟು ಅಳೆದ್ವಿ, 32 ಡಿಗ್ರಿ ಬಂತು. ಟ್ಯಾನ್ ಬೆಲೆ 0.62. ಒಣಗಿದ ಒರಟು ಕಲ್ಲಿನ ಮೇಲೆ ರಬ್ಬರ್ ಸೋಲಿಗೆ 0.8 ಅಂತ ಇಟ್ಟುಕೊಂಡರೆ 38 ಡಿಗ್ರಿ ಚಿಲ್ಲರೆ ತನಕ ನಿಲ್ಲಬಹುದು, ಆರು ಡಿಗ್ರಿಗೂ ಜಾಸ್ತಿ ಉಳಿತಾಯ. ಅದೇ ಮಳೆಗೆ ಪಾಚಿ ನೆಂದು ಗುಣಾಂಕ ಅರ್ಧಕ್ಕೆ ಇಳಿದರೆ 22 ಡಿಗ್ರಿಗೇ ಕಾಲು ಬಿಡುತ್ತೆ. ಬೆಳಿಗ್ಗೆ ಓಡಿ ಹತ್ತಿದ ಅದೇ ಕಲ್ಲು, ಅದೇ ಶೂ. ನಮ್ಮ ಸ್ನೇಹಿತ ಹೆದರಿ ಕೈಯನ್ನ ಬಂಡೆಗೆ ಊರಿ ಒರಗಿದ. ಆಗ ಪಾದದ ಮೇಲಿನ ಲಂಬ ಬಲ ಇನ್ನೂ ಕಡಿಮೆ ಆಯ್ತು.

ಬಂಡೆಗಳಲ್ಲಿ ಹೆಜ್ಜೇನು ಕಟ್ಟಿರುತ್ತೆ. ಹೊಗೆ, ಪಟಾಕಿ, ಕಲ್ಲು ಎಸೆಯೋದು ಬೇಡವೇ ಬೇಡ.

ಕೆಜಿಎಫ್ ಬಗ್ಗೆ ಬೇರೆಯಾಗಿ ಹೇಳಬೇಕು. ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲಲ್ಲಿ ಕೋರಮಂಡಲ್, ಊರಿಗಾಂ ದಾಟೋವಾಗ ಕಿಟಕಿಯಲ್ಲಿ ಬೂದುಬಣ್ಣದ ಗುಡ್ಡಗಳು ಕಾಣ್ತವೆ. ಸಿನಿಮಾ ನೋಡಿದವರು ಅಲ್ಲಿ ಹತ್ತಬೇಕು ಅಂತಾರೆ. ಅವು ಗುಡ್ಡವೇ ಅಲ್ಲ. ಚಿನ್ನದ ಅದಿರನ್ನ ಪುಡಿ ಮಾಡಿ ಸೈನೈಡಲ್ಲಿ ತೊಳೆದ ಮೇಲೆ ಉಳಿದ ಪುಡಿ, ಒಟ್ಟು ಮೂರು ಕೋಟಿ ಟನ್ನಿಗೂ ಹೆಚ್ಚು. ಬೇರಿಲ್ಲ, ಬಂಡೆಯಿಲ್ಲ, ಪುಡಿ ತನ್ನಷ್ಟಕ್ಕೆ ನಿಲ್ಲೋ ಕೋನದಲ್ಲಿ ನಿಂತಿದೆ. ಮಳೆ ಕೊರೆದ ಕೊರಕಲಿನ ಅಂಚು ಕಾಲಿಟ್ಟರೆ ಕುಸಿಯುತ್ತೆ, ಗಾಳಿ ಬಂದ್ರೆ ಧೂಳು ಎದೆಗೆ. ಮುಚ್ಚಿದ ಶಾಫ್ಟುಗಳ ಬೇಲಿಯೊಳಗೂ ಹೋಗಬಾರದು. 2001ರಲ್ಲಿ ನಿಂತುಹೋದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ ಸುಮಾರು 3.2 ಕಿಲೋಮೀಟರ್ ಆಳ ಇತ್ತು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ ಸಮುದ್ರಮಟ್ಟದಿಂದ 1,900 ಮೀಟರ್ ಚಿಲ್ಲರೆ. ಅದಕ್ಕಿಂತ ದೊಡ್ಡ ಇಳಿತವನ್ನ ನಮ್ಮ ಕೆಜಿಎಫ್ ಗೆಳೆಯರ ತಾತಂದಿರು ಕೆಲಸಕ್ಕೆ ಅಂತ ದಿನಾ ಇಳಿದು ಹತ್ತುತ್ತಿದ್ರು.

ಫಸ್ಟ್ ಇಯರ್‌ನವರ ಜೊತೆ ಹೋಗೋವಾಗ ನೈಸ್ಮಿತ್ ಲೆಕ್ಕವನ್ನ ಎರಡರಿಂದ ಗುಣಿಸಿದ್ದೀವಿ. ಬೆಳಿಗ್ಗೆ ಏಳಕ್ಕೆ ಗುಡಿ ಬಿಡೋದು, ಎಲ್ಲಿದ್ರೂ ಹನ್ನೊಂದಕ್ಕೆ ವಾಪಸ್ ತಿರುಗೋದು, ನಾಲ್ಕರ ಒಳಗೆ ಬಂಗಾರಪೇಟೆಯಲ್ಲಿ ಪಾನಿಪುರಿ. ಹಿಂದಿನ ರಾತ್ರಿ ಮಳೆ ಬಂದಿದ್ರೆ ಗುಹೆ ಕಡೆ ಹೋಗಲ್ಲ, ಗುಡಿಯಿಂದಲೇ ವಾಪಸ್. ಬೆಟ್ಟ ಬಿಡೋ ಮುಂಚೆ ಆ 32 ಡಿಗ್ರಿ ಬಂಡೆಯನ್ನ ಮುಟ್ಟಿ ನೋಡೋ ಕೆಲಸಕ್ಕೆ ಬ್ಯಾಂಡೇಜ್ ಬಿಚ್ಚಿಸಿಕೊಂಡ ನಮ್ಮ ಸ್ನೇಹಿತನೇ ಹೆಸರು ಕೊಟ್ಟಿದ್ದಾನೆ.